ಅಣುಬಾಂಬ್ ಇದ್ದವನು ದಾಳಿ ಮಾಡಿದರೆ ಜಗತ್ತು ಯಾಕೆ ತಡೆದು ತಡೆದು ಹೆಜ್ಜೆ ಇಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಫೆಬ್ರವರಿ 26, ಶನಿವಾರ ಸಂಜೆ. ರಷ್ಯಾ ಉಕ್ರೇನಿನ ಮೇಲೆ ದಾಳಿ ಶುರುಮಾಡಿ ಎರಡು ದಿನ ಆಗಿತ್ತು. ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಮಕ್ಕಳನ್ನು ಹೊತ್ತ ಮೊದಲ ವಿಮಾನ ಬುಕಾರೆಸ್ಟ್‌ನಿಂದ ಬಂದು ಮುಂಬೈಯಲ್ಲಿ ಇಳಿಯಿತು. 219 ಜನ. ಮರುದಿನ ಭಾನುವಾರ, ಡೊಂಬಿವಲಿಯ ನಮ್ಮ ಕನ್ನಡ ಬಳಗದ ಮಾತುಕತೆ ಇತ್ತು. ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಮೊಬೈಲ್ ನೋಡಿ ಎದ್ದು ನಿಂತ. "ಮಾಸ್ಟ್ರೇ, ಪುಟಿನ್ ಅಣ್ವಸ್ತ್ರ ಪಡೆಗೆ ಸಿದ್ಧವಾಗಿರಿ ಅಂತ ಆರ್ಡರ್ ಕೊಟ್ಟಿದ್ದಾರಂತೆ." ಚಹಾದ ಲೋಟ ಹಿಡಿದವರು ಹಿಡಿದ ಹಾಗೇ ಕೂತರು. ಅವತ್ತು ಮಾತಾಡಬೇಕಿದ್ದ ವಿಷಯ ಅಲ್ಲಿಗೇ ನಿಂತಿತು.

ನಾನು ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಇತಿಹಾಸ ಕಲಿಸಿದವನು. ಹಗಲಿಡೀ ಹೋಟೆಲಿನಲ್ಲಿ ದುಡಿದು ಬಂದ ಹುಡುಗರಿಗೆ ತಿಳಿಯುವ ಹಾಗೆ ಹೇಳುವುದು ರೂಢಿ. ಆ ಭಾನುವಾರದಿಂದ ಇವತ್ತಿನವರೆಗೆ ಲೋಕಲ್ ರೈಲಿನಲ್ಲಿ, ಮದುವೆ ಮನೆಯಲ್ಲಿ, ಪುಣೆಯಿಂದ ಬಂದ ಪತ್ರಗಳಲ್ಲಿ ಇದೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ.

## ಮೊದಲು ಬುನಾದಿ

ಮಾಸ್ಟ್ರೇ, ಹಾಕುವುದೇ ಇಲ್ಲ ಅಂದಮೇಲೆ ಬಾಂಬ್ ಇಟ್ಟುಕೊಳ್ಳುವುದು ಯಾಕೆ?

ನಮ್ಮ ಹಳೇ ಚಾಳನ್ನು ನೆನಪು ಮಾಡಿಕೊಳ್ಳಿ. ಒಂದೇ ಪಡಸಾಲೆ, ಅಂಟಿಕೊಂಡ ಖೋಲಿಗಳು, ನಡುವೆ ತೆಳ್ಳಗಿನ ಗೋಡೆ. ಒಂದು ಖೋಲಿಯವನು ಗ್ಯಾಸ್ ಸಿಲಿಂಡರ್ ಪಕ್ಕ ಬೆಂಕಿಪೊಟ್ಟಣ ಇಟ್ಟುಕೊಂಡು, "ನನ್ನ ಬಾಗಿಲು ಮುರಿದರೆ ಕಡ್ಡಿ ಗೀರುತ್ತೇನೆ" ಅಂತಾನೆ. ಅವನು ಗೀರುವುದಿಲ್ಲ ಅಂತ ನಿಮಗೆ ಬಹುಮಟ್ಟಿಗೆ ಗೊತ್ತು. ಗೀರಿದರೆ ಅವನೂ ಸುಡುತ್ತಾನೆ. ಆದರೂ ನೀವು ಬಾಗಿಲು ಮುರಿಯಲು ಹೋಗುವುದಿಲ್ಲ. ಇದನ್ನೇ ಡಿಟರೆನ್ಸ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳು ಅಣ್ವಸ್ತ್ರ ನಿರೋಧ ಅಂತ ಬರೆಯುತ್ತವೆ. ಹೆದರಿಕೆಯಿಂದ ಬರುವ ತಡೆ ಅಂದರೆ ಸಾಕು.

ಹಿರೋಶಿಮಾ ಮೇಲೆ ಬಿದ್ದ ಬಾಂಬಿನ ಶಕ್ತಿ ಸುಮಾರು 15 ಕಿಲೋಟನ್, ಅಂದರೆ 15 ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು. 1945ರ ಕೊನೆಯೊಳಗೆ ಸುಮಾರು 1.4 ಲಕ್ಷ ಜನ ಸತ್ತರು. ಇವತ್ತು 9 ದೇಶಗಳ ಹತ್ತಿರ ಒಟ್ಟು 12,000ದಷ್ಟು ಸಿಡಿತಲೆಗಳಿವೆ. ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ರಷ್ಯಾ ಮತ್ತು ಅಮೆರಿಕದವೇ. ಬಹಳಷ್ಟು ಸಿಡಿತಲೆಗಳು ಹಿರೋಶಿಮಾದ ಬಾಂಬಿಗಿಂತ ಹಲವು ಪಟ್ಟು ದೊಡ್ಡವು.

ಹಾಗಾದ್ರೆ ಬಾಂಬ್ ಇರುವ ದೇಶದ ತಂಟೆಗೆ ಯಾರೂ ಹೋಗಲ್ಲ ಅಲ್ವಾ?

ಹೋಗುತ್ತಾರೆ, ಹೋಗಿದ್ದಾರೆ. 1973ರಲ್ಲಿ ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ಬಿದ್ದವು. ಇಸ್ರೇಲ್ ಹತ್ತಿರ ಬಾಂಬ್ ಇದೆ ಅಂತ ಆಗಲೇ ಹಲವರು ನಂಬಿದ್ದರು. 1982ರಲ್ಲಿ ಅರ್ಜೆಂಟೀನಾ ಬ್ರಿಟನ್ನಿನ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. 1999ರಲ್ಲಿ ಪಾಕಿಸ್ತಾನದ ಸೈನಿಕರು ಕಾರ್ಗಿಲ್ ಬೆಟ್ಟಗಳಿಗೆ ನುಗ್ಗಿದರು. 2024ರ ಆಗಸ್ಟಿನಲ್ಲಿ ಉಕ್ರೇನ್ ಸೈನ್ಯ ರಷ್ಯಾದ ಕುರ್ಸ್ಕ್ ಪ್ರದೇಶದೊಳಗೇ ಹೋಯಿತು. ಎಲ್ಲೂ ಅಣುಬಾಂಬ್ ಬೀಳಲಿಲ್ಲ. ಒಂದು ದೇಶದ ಉಸಿರೇ ನಿಲ್ಲುವ ಹೊತ್ತು ಬಂದರೆ ಮಾತ್ರ ಬಾಂಬಿನ ಬೆದರಿಕೆಯನ್ನು ಜನ ನಂಬುತ್ತಾರೆ. ಒಂದು ದ್ವೀಪಕ್ಕೆ, ಒಂದು ಗುಡ್ಡಕ್ಕೆ ಯಾರೂ ಅದನ್ನು ಹಾಕುವುದಿಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಕುವೈತ್ ಬಿಡಿಸೋಕೆ ಇಡೀ ಜಗತ್ತು ಸೈನ್ಯ ಕಳಿಸಿತು. ಉಕ್ರೇನಿಗೆ ಯಾಕೆ ಒಬ್ಬ ಸೈನಿಕನೂ ಹೋಗಲಿಲ್ಲ?

ಇದನ್ನು ಕೇಳಿದವರು ಥಾಣೆಯ ಒಬ್ಬ ಹಿರಿಯರು. 1990ರಲ್ಲಿ ಕುವೈತಿನಲ್ಲಿ ಕೆಲಸಕ್ಕಿದ್ದು, ಜೋರ್ಡಾನಿನ ಅಮ್ಮಾನ್‌ವರೆಗೆ ಬಸ್ಸಿನಲ್ಲಿ ಬಂದು, ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಇಳಿದವರು. ಆಗ ಹೀಗೆ ಬಂದವರು ಸುಮಾರು 1.7 ಲಕ್ಷ ಜನ. ಅವರ ಸೂಟ್‌ಕೇಸ್ ಅಲ್ಲೇ ಉಳಿಯಿತು. ಕುವೈತ್ ಮನೆಯ ಬೀಗದ ಕೈ ಮಾತ್ರ ಇನ್ನೂ ಅವರ ಹತ್ತಿರ ಇದೆ. ನನಗೆ ತೋರಿಸಿದರು.

1990ರ ಆಗಸ್ಟ್ 2ರಂದು ಇರಾಕಿನ ಅಧ್ಯಕ್ಷ ಸದ್ದಾಂ ಕುವೈತ್ ನುಂಗಿದರು. ನವೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 678ನೇ ನಿರ್ಣಯ ಮಾಡಿ, 1991ರ ಜನವರಿ 15ರೊಳಗೆ ಜಾಗ ಖಾಲಿ ಮಾಡಿ ಅಂತ ಗಡುವು ಕೊಟ್ಟಿತು. ಮಾಡಲಿಲ್ಲ. ಮೂವತ್ತಕ್ಕೂ ಹೆಚ್ಚು ದೇಶಗಳು ಸೇರಿ ಫೆಬ್ರವರಿ ಕೊನೆಯೊಳಗೆ ಇರಾಕನ್ನು ಹೊರಗೆ ಹಾಕಿದವು. ಸದ್ದಾಂ ಹತ್ತಿರ ಅಣುಬಾಂಬ್ ಇರಲಿಲ್ಲ. ಭದ್ರತಾ ಮಂಡಳಿಯಲ್ಲಿ ವೀಟೊ, ಅಂದರೆ ನಿರ್ಣಯವನ್ನು ಒಬ್ಬರೇ ತಡೆಯುವ ಹಕ್ಕು, ಇರಲಿಲ್ಲ. ಅವರ ಪರವಾಗಿ ವೀಟೊ ಹಾಕುವವರೂ ಇರಲಿಲ್ಲ.

ರಷ್ಯಾದ ಹತ್ತಿರ ವೀಟೊ ಇದೆ, 5,000ಕ್ಕಿಂತ ಜಾಸ್ತಿ ಸಿಡಿತಲೆಗಳಿವೆ. 2022ರಲ್ಲಿ ಅಮೆರಿಕದ ಸೈನಿಕನೊಬ್ಬ ಉಕ್ರೇನಿನಲ್ಲಿ ರಷ್ಯಾದ ಸೈನಿಕನಿಗೆ ಗುಂಡು ಹೊಡೆದಿದ್ದರೆ, ಜಗತ್ತಿನ ಹೆಚ್ಚಿನ ಅಣ್ವಸ್ತ್ರಗಳನ್ನು ಹಿಡಿದ ಇಬ್ಬರು ಎದುರೆದುರು ನಿಂತ ಹಾಗಾಗುತ್ತಿತ್ತು. ಕುವೈತಿನಲ್ಲಿ ಎಣ್ಣೆಯ ಆಸೆಯೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇರಾಕಿನ ಕೈಯಲ್ಲಿ ಬಾಂಬ್ ಇದ್ದಿದ್ದರೆ ಎಣ್ಣೆಗಾಗಿಯೂ ಅಷ್ಟು ಸುಲಭವಾಗಿ ಯಾರೂ ಹೋಗುತ್ತಿರಲಿಲ್ಲ ಅಂತ ನನ್ನ ಎಣಿಕೆ.

ಸೈನ್ಯ ಬೇಡ, ಆಕಾಶವನ್ನಾದ್ರೂ ಮುಚ್ಚಬಹುದಿತ್ತಲ್ವಾ?

ಆಕಾಶಕ್ಕೆ ಬಾಗಿಲಿಲ್ಲ. ನೋ ಫ್ಲೈ ಜೋನ್ ಅಂದರೆ ಅಲ್ಲಿಗೆ ಬರುವ ವಿಮಾನವನ್ನು ಹೊಡೆದು ಬೀಳಿಸುವುದು. ಅದಕ್ಕೂ ಮೊದಲು ನೆಲದ ಮೇಲಿನ ವಿಮಾನ ನಿರೋಧಕ ಕ್ಷಿಪಣಿಗಳನ್ನು ಒಡೆಯಬೇಕು. ಅವುಗಳಲ್ಲಿ ಕೆಲವು ರಷ್ಯಾದ ಗಡಿಯೊಳಗೇ ಇದ್ದವು. ಇರಾಕ್, ಬೋಸ್ನಿಯಾ, ಲಿಬಿಯಾದಲ್ಲಿ ಇದನ್ನು ಮಾಡಿದ್ದು ನಿಜ. ಅಲ್ಲಿ ಎದುರಿಗಿದ್ದವರ ಹತ್ತಿರ ಬಾಂಬ್ ಇರಲಿಲ್ಲ. 2022ರ ಮಾರ್ಚಿನಲ್ಲಿ ಉಕ್ರೇನ್ ಕೈಮುಗಿದು ಕೇಳಿತು. ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನೇಟೊ ಆಗಲ್ಲ ಅಂದಿತು. ಆ ದಿನಗಳಲ್ಲೇ ಖಾರ್ಕಿವ್‌ನಲ್ಲಿ ಓದುತ್ತಿದ್ದ ನಮ್ಮ ಕರ್ನಾಟಕದ ಹುಡುಗನೊಬ್ಬ ಶೆಲ್ ದಾಳಿಗೆ ಸತ್ತ.

ವೀಟೊ ಇರುವ ಐದು ದೇಶಗಳೇ ಬಾಂಬ್ ಇರುವ ಐದು ದೇಶಗಳು. ಬಾಂಬ್ ಇದ್ದವರಿಗೆ ಅಂತಲೇ ವೀಟೊ ಕೊಟ್ಟರಾ?

ಇಲ್ಲ. ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದದ್ದು 1945ರ ಜೂನ್ 26ಕ್ಕೆ. ಮೊದಲ ಬಾಂಬ್ ಪರೀಕ್ಷೆ ಆದದ್ದು ಅದಾದ ಮೂರು ವಾರಕ್ಕೆ, ಜುಲೈ 16ಕ್ಕೆ. ಎರಡೂ ಒಂದೇ ಕೈಗೆ ಬಂದದ್ದು ಆಮೇಲೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಅದಕ್ಕೆ ಮುದ್ರೆ ಒತ್ತಿತು. 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸಿಡಿಸಿದವರನ್ನು ಮಾತ್ರ ಅದು ಅಣ್ವಸ್ತ್ರ ದೇಶ ಅಂತ ಒಪ್ಪುತ್ತದೆ. ಅಂಥವರು ಐದೇ, ಬಾಂಬ್ ಇರುವ ಉಳಿದ ನಾಲ್ಕು ಈ ಲೆಕ್ಕದಲ್ಲಿ ಇಲ್ಲ. ಭಾರತ ಅದಕ್ಕೆ ಸಹಿ ಹಾಕದಿರುವುದು ಇದೇ ತಕರಾರಿನಿಂದ.

## ಸಹಾಯ ಎಷ್ಟು, ಯಾವಾಗ

ಆಯುಧ ಕೊಟ್ಟರು ಸರಿ. ಆದ್ರೆ ಮಗುವಿಗೆ ಒಳಲೆಯಲ್ಲಿ ಹಾಲು ಹಾಕಿದ ಹಾಗೆ ಯಾಕೆ ಕೊಟ್ಟರು?

ಮುಲುಂಡಿನ ಒಬ್ಬ ಅಕ್ಕ ಕೇಳಿದ ಪ್ರಶ್ನೆ. ಇದಕ್ಕಿಂತ ಒಳ್ಳೇ ಪ್ರಶ್ನೆ ನನಗೆ ಯಾರೂ ಕೇಳಿಲ್ಲ. ಇಡೀ ವಿಷಯದ ತಿರುಳು ಇಲ್ಲೇ ಇದೆ.

ಕ್ರಮ ನೋಡಿ. ಮೊದಲು ಹೆಗಲ ಮೇಲಿಟ್ಟು ಹೊಡೆಯುವ ಟ್ಯಾಂಕ್ ನಿರೋಧಕ ಕ್ಷಿಪಣಿ. ಪೋಲೆಂಡ್ ತನ್ನ ಹಳೇ ಮಿಗ್ ವಿಮಾನ ಕೊಡುತ್ತೇನೆ ಅಂದಾಗ, 2022ರ ಮಾರ್ಚಿನಲ್ಲಿ, ಅಮೆರಿಕ ಬೇಡ ಅಂದಿತು. ಜೂನಿನಲ್ಲಿ ಹೈಮಾರ್ಸ್ ರಾಕೆಟ್ ಬಂತು, ಆದರೆ ದೂರ ಹೋಗುವ ರಾಕೆಟ್ ಇಲ್ಲದೆ. ಟ್ಯಾಂಕ್ ಕೊಡುವ ತೀರ್ಮಾನ ಆದದ್ದು 2023ರ ಜನವರಿಗೆ. ಪೇಟ್ರಿಯಟ್ ಕ್ಷಿಪಣಿ ನಿರೋಧಕ ಏಪ್ರಿಲಿಗೆ. ದೂರ ಹೋಗುವ ಕ್ಷಿಪಣಿಗಳಲ್ಲಿ ಬ್ರಿಟನ್ನಿನ ಸ್ಟಾರ್ಮ್ ಶ್ಯಾಡೋ ಮೇ ತಿಂಗಳಿಗೆ, ಅಮೆರಿಕದ ಅಟಾಕಮ್ಸ್ ಅಕ್ಟೋಬರಿಗೆ. ಎಫ್-16 ವಿಮಾನ ಉಕ್ರೇನ್ ತಲುಪಿದ್ದು 2024ರ ಆಗಸ್ಟಿಗೆ. ಅಟಾಕಮ್ಸನ್ನು ರಷ್ಯಾದ ಒಳಗೆ ದೂರಕ್ಕೆ ಬಿಡಲು ಅಮೆರಿಕ ಒಪ್ಪಿದ್ದು ಆ ವರ್ಷದ ನವೆಂಬರಿಗೆ. ಪ್ರತಿಯೊಂದಕ್ಕೂ ಮೊದಲು ಇಲ್ಲ, ಆಮೇಲೆ ನೋಡೋಣ, ಕೊನೆಗೆ ಹೂಂ.

ಬಿಸಿ ಬಾಣಲೆಯ ಎಣ್ಣೆಗೆ ಬೆರಳು ಅದ್ದಿ ನೋಡುವಂತಿಲ್ಲ. ಒಂದು ಚೂರು ಹಿಟ್ಟು ಬಿಟ್ಟು ನೋಡುತ್ತೇವೆ, ಅಲ್ವಾ? ಪಶ್ಚಿಮದವರು ಹಾಗೇ ಮಾಡಿದರು. ಒಂದು ಆಯುಧ ಕೊಟ್ಟು, ರಷ್ಯಾ ಏನು ಮಾಡುತ್ತದೆ ನೋಡಿ, ಇನ್ನೊಂದು ಕೊಟ್ಟರು. ಪುಟಿನ್ ಎಲ್ಲಿ ಗೆರೆ ಎಳೆದಿದ್ದಾರೆ ಅಂತ ಹೊರಗಿನವರಿಗೆ ಕಾಣುವುದಿಲ್ಲ. ದಾಟಿದ ಮೇಲೆ ಗೊತ್ತಾದರೆ ಹಿಂದೆ ಬರಲು ದಾರಿ ಇರುವುದಿಲ್ಲ.

ಬೇರೆ ಕಾರಣಗಳೂ ಇದ್ದವು. ತರಬೇತಿಗೆ ಸಮಯ ಬೇಕು, ಗೋದಾಮಿನಲ್ಲಿ ದಾಸ್ತಾನು ಕಡಿಮೆ ಇತ್ತು, ಅಮೆರಿಕದ ಸಂಸತ್ತಿನಲ್ಲಿ ಜಗಳ ಇತ್ತು. ಎಲ್ಲವನ್ನೂ ಬಾಂಬಿನ ಲೆಕ್ಕಕ್ಕೆ ಬರೆಯಲಾಗದು.

ಈಗ ನನ್ನ ಅಭಿಪ್ರಾಯ. ಮೊದಲ ಕೆಲವು ತಿಂಗಳ ಎಚ್ಚರಿಕೆ ಸರಿಯಾಗಿಯೇ ಇತ್ತು. ಆಮೇಲಿನ ನಿಧಾನಕ್ಕೆ ಉಕ್ರೇನಿನ ಜನ ಬೆಲೆ ತೆತ್ತರು. 2023ರ ಬೇಸಿಗೆಯಲ್ಲಿ ಉಕ್ರೇನ್ ಎದುರುದಾಳಿ ಶುರುಮಾಡುವಷ್ಟರಲ್ಲಿ ರಷ್ಯನ್ನರು ತಿಂಗಳುಗಟ್ಟಲೆ ಕಂದಕ ತೋಡಿ, ಹೊಲಗಳ ತುಂಬ ನೆಲಬಾಂಬ್ ಹೂತಿದ್ದರು. ಸಹಾಯ ಮಾಡುವವರು ಯೋಚಿಸುತ್ತ ಕೂತ ಪ್ರತಿ ತಿಂಗಳೂ ದಾಳಿ ಮಾಡಿದವನಿಗೆ ಸಿಕ್ಕಿತು. ನನ್ನ ಮಟ್ಟಿಗೆ ಬಾಂಬಿನ ದೊಡ್ಡ ಕೆಲಸ ಇದೇ. ದಾಳಿಯನ್ನು ಅದು ತಡೆಯಲಿಲ್ಲ. ಸಹಾಯಕ್ಕೆ ಬರುವವರ ಕಾಲನ್ನು ಹಿಡಿದುಕೊಂಡಿತು.

ಪುಟಿನ್ ಸುಮ್ನೆ ಹೆದರಿಸ್ತಿದ್ದಾರೆ ಅನ್ನಿಸಲ್ವಾ?

ಇಷ್ಟು ವರ್ಷದಲ್ಲಿ ಹಾಕಿಲ್ಲ, ಆದ್ದರಿಂದ ಸುಮ್ನೆ ಅಂತ ತುಂಬ ಜನ ಹೇಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಅವರು ಇದು ಬರೀ ಬೆದರಿಕೆ ಅಲ್ಲ ಅಂತ ಟಿವಿಯಲ್ಲಿ ಹೇಳಿದರು. ನವೆಂಬರಿನಲ್ಲಿ ಖೆರ್ಸಾನ್ ನಗರ ಕೈತಪ್ಪಿತು. ಅದನ್ನು ರಷ್ಯಾದ ಭಾಗ ಅಂತ ಘೋಷಿಸಿ ಎರಡು ತಿಂಗಳೂ ಆಗಿರಲಿಲ್ಲ. ಬಾಂಬ್ ಬೀಳಲಿಲ್ಲ. 2024ರ ನವೆಂಬರಿನಲ್ಲಿ ರಷ್ಯಾ ತನ್ನ ಅಣ್ವಸ್ತ್ರ ನೀತಿಯನ್ನೇ ಬದಲಿಸಿ, ಬಳಸುವ ಸಂದರ್ಭಗಳನ್ನು ಹಿಗ್ಗಿಸಿತು. ಆಗಲೂ ಬೀಳಲಿಲ್ಲ.

ಆದರೆ ಆ 2022ರ ಶರತ್ಕಾಲದಲ್ಲಿ ವಾಷಿಂಗ್ಟನ್ ನಿಜವಾಗಿಯೇ ಗಾಬರಿಯಾಗಿತ್ತು. ಬೆದರಿಕೆ ಸುಳ್ಳು ಅಂತ ನೂರಕ್ಕೆ ತೊಂಬತ್ತೈದು ಖಾತ್ರಿ ಇದ್ದರೂ, ಉಳಿದ ಐದು ನಿಜವಾದರೆ ಒಂದು ಊರೇ ಇರುವುದಿಲ್ಲ. ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂತವರಿಗೆ ನಿದ್ದೆ ಕೆಡಿಸುವುದು ಆ ಐದೇ.

ಉಕ್ರೇನ್ ತನ್ನ ಬಾಂಬ್ ಬಿಟ್ಟುಕೊಡದೇ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?

ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನ್ ನೆಲದಲ್ಲಿ ಸುಮಾರು 1,900 ದೂರಗಾಮಿ ಸಿಡಿತಲೆಗಳು ಉಳಿದವು. ಅಷ್ಟರಿಂದಲೇ ಅದು ಜಗತ್ತಿನ ಮೂರನೇ ಸ್ಥಾನದಲ್ಲಿತ್ತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ಒಂದು ಕಾಗದಕ್ಕೆ ಸಹಿ ಬಿತ್ತು. ಬಾಂಬ್ ಬಿಟ್ಟುಕೊಟ್ಟರೆ ನಿಮ್ಮ ಗಡಿಯನ್ನು ಗೌರವಿಸುತ್ತೇವೆ ಅಂತ ರಷ್ಯಾ, ಅಮೆರಿಕ, ಬ್ರಿಟನ್ ಬರೆದುಕೊಟ್ಟವು. 1996ರೊಳಗೆ ಎಲ್ಲ ಸಿಡಿತಲೆಗಳೂ ರಷ್ಯಾಕ್ಕೆ ಹೋದವು. 2014ರಲ್ಲಿ ಅದೇ ರಷ್ಯಾ ಕ್ರಿಮಿಯಾ ತೆಗೆದುಕೊಂಡಿತು.

ಆ ಕಾಗದದಲ್ಲಿದ್ದದ್ದು ಭರವಸೆ. ದಾಳಿಯಾದರೆ ನಾವು ಬಂದು ಹೋರಾಡುತ್ತೇವೆ ಅನ್ನುವ ಕರಾರು ಇರಲಿಲ್ಲ. ಮನೆ ಬಾಡಿಗೆಗೆ ಕೊಟ್ಟವರಿಗೆ ಬಾಯಿಮಾತಿಗೂ ರಿಜಿಸ್ಟರ್ ಮಾಡಿದ ಅಗ್ರಿಮೆಂಟಿಗೂ ಇರುವ ವ್ಯತ್ಯಾಸ ಗೊತ್ತಿರುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಬಾಂಬ್‌ಗಳ ಉಡಾವಣೆಯ ಸಂಕೇತ ಮಾಸ್ಕೋದ ಕೈಯಲ್ಲಿತ್ತು. ಅವನ್ನು ತನ್ನದಾಗಿ ಮಾಡಿಕೊಳ್ಳಲು ಉಕ್ರೇನಿಗೆ ವರ್ಷಗಳು, ದೊಡ್ಡ ದುಡ್ಡು ಬೇಕಿತ್ತು. ದೇಶ ಆಗ ದಿವಾಳಿ ಅಂಚಿನಲ್ಲಿತ್ತು. ಹಾಗಾಗಿ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನುವುದು ಅಷ್ಟು ಸಲೀಸಾದ ಲೆಕ್ಕವಲ್ಲ. ಮಾತು ಮುರಿದ ಪಾಪ ಮಾತ್ರ ಪೂರ್ತಿ ಮುರಿದವನದೇ.

ಉಕ್ರೇನ್ ನೇಟೊ ಸದಸ್ಯ ಆಗಿದ್ರೆ?

ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದ ಹಾಗೆ ಅಂತ ನೇಟೊದ 5ನೇ ವಿಧಿ ಹೇಳುತ್ತದೆ. ಅದರ ಹಿಂದೆ ಅಮೆರಿಕದ ಬಾಂಬಿದೆ. ಇದನ್ನು ಅಣ್ವಸ್ತ್ರದ ಕೊಡೆ ಅನ್ನುತ್ತಾರೆ. ರಷ್ಯಾದ ಜೊತೆ 1,300 ಕಿಲೋಮೀಟರಿಗಿಂತ ಉದ್ದದ ಗಡಿ ಇರುವ ಫಿನ್ಲೆಂಡ್ 2023ರ ಏಪ್ರಿಲಿನಲ್ಲಿ ಈ ಕೊಡೆಯ ಕೆಳಗೆ ಬಂತು, ಸ್ವೀಡನ್ 2024ರ ಮಾರ್ಚಿನಲ್ಲಿ. ಎರಡೂ ದಶಕಗಟ್ಟಲೆ ಯಾರ ಬಣಕ್ಕೂ ಸೇರದೆ ಇದ್ದ ದೇಶಗಳು.

ಆದರೆ ಮಳೆ ಬಂದಾಗ ಕೊಡೆ ನಿಜವಾಗಿ ಬಿಚ್ಚಿಕೊಳ್ಳುತ್ತದಾ? 1961ರಲ್ಲೇ ಫ್ರಾನ್ಸಿನ ಡಿ ಗಾಲ್ ಅಮೆರಿಕದ ಕೆನಡಿಯನ್ನು ಕೇಳಿದ್ದರು, ಪ್ಯಾರಿಸಿಗಾಗಿ ನ್ಯೂಯಾರ್ಕನ್ನು ಕಳೆದುಕೊಳ್ಳಲು ನೀವು ಸಿದ್ಧರಿದ್ದೀರಾ ಅಂತ. ಉತ್ತರದ ಮೇಲೆ ನಂಬಿಕೆ ಇಲ್ಲದೆ ಫ್ರಾನ್ಸ್ ತನ್ನದೇ ಬಾಂಬ್ ಇಟ್ಟುಕೊಂಡಿತು. ಇವತ್ತು ಪೋಲೆಂಡ್, ದಕ್ಷಿಣ ಕೊರಿಯಾ, ಜಪಾನ್ ಮೂರೂ ಕಡೆ ಅದೇ ಪ್ರಶ್ನೆ ಮತ್ತೆ ಎದ್ದಿದೆ.

ಬರೀ ರಷ್ಯಾದ್ದೇ ಹೇಳ್ತೀರಿ. ಅಮೆರಿಕ ಮಾಡಿದ್ದು?

ಈ ಆಕ್ಷೇಪ ನ್ಯಾಯವಾದದ್ದು. 1956ರಲ್ಲಿ ಸೋವಿಯತ್ ಟ್ಯಾಂಕ್‌ಗಳು ಹಂಗರಿಯಲ್ಲಿ ನುಗ್ಗಿದಾಗ, 1968ರಲ್ಲಿ ಪ್ರಾಗ್‌ನಲ್ಲಿ ನುಗ್ಗಿದಾಗ ಪಶ್ಚಿಮ ದೇಶಗಳು ಖಂಡಿಸಿ ಕೈಕಟ್ಟಿ ಕೂತವು. 2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿದಾಗ ಯಾವ ದೇಶವೂ ಇರಾಕಿನ ಪರವಾಗಿ ಸೈನ್ಯ ಕಳಿಸಲಿಲ್ಲ, ಕಳಿಸುವ ಮಾತೂ ಬರಲಿಲ್ಲ. ಬಾಂಬ್ ಹಿಡಿದ ಪ್ರತಿಯೊಬ್ಬನಿಗೂ ಇದೇ ರಕ್ಷೆ ಸಿಗುತ್ತದೆ. ಇರಾಕಿನ ಬಾಗ್ದಾದಿನ ತಾಯಿಗೂ ಉಕ್ರೇನಿನ ಮರಿಯುಪೋಲಿನ ತಾಯಿಗೂ ನಾನು ಬೇರೆ ಬೇರೆ ನ್ಯಾಯ ಹೇಳಲಾರೆ.

## ನಮ್ಮ ಮನೆ ಬಾಗಿಲಲ್ಲಿ

ಎಲಿಫೆಂಟಾಗೆ ಬೋಟಿನಲ್ಲಿ ಹೋಗುವಾಗ ಎಡಗಡೆ ಕಾಣುವ ಆ ಗುಮ್ಮಟ ಏನು ಅಜ್ಜಾ?

ನನ್ನ ಮೊಮ್ಮಗಳು ಕೇಳಿದ್ದು. ಅದು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ. ಏಷ್ಯಾದ ಮೊದಲ ರಿಯಾಕ್ಟರ್ ಅಪ್ಸರಾ ಅಲ್ಲಿ 1956ರಲ್ಲಿ ಶುರುವಾಯಿತು. ಗುಮ್ಮಟದ್ದು ಸೈರಸ್, 1960ರದ್ದು. ಕೆನಡಾ ರಿಯಾಕ್ಟರ್ ಕೊಟ್ಟಿತು, ಅಮೆರಿಕ ಭಾರಜಲ ಕೊಟ್ಟಿತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿದ ಸಾಧನದ ಪ್ಲುಟೋನಿಯಂ ಬಂದದ್ದು ಅಲ್ಲಿಂದಲೇ. ಆ ಕೆಲಸದ ಮುಂದಾಳು ನಮ್ಮ ತುಮಕೂರಿನವರಾದ ರಾಜಾ ರಾಮಣ್ಣ. ಆಗ ಕೇಂದ್ರದ ನಿರ್ದೇಶಕರೂ ಅವರೇ.

ಹೋಳಿಗೆ ಊಟ ಮಾಡುತ್ತ ನಾವು ಹೆಮ್ಮೆಯಿಂದ ಹೇಳುವ ಕತೆ ಇದು. ಅದರ ಹಿನ್ನೆಲೆಯನ್ನೂ ಹೇಳಬೇಕು. 1964ರಲ್ಲಿ ಚೀನಾ ಬಾಂಬ್ ಸಿಡಿಸಿತು. 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ನಡುವೆ, ಅಮೆರಿಕ ತನ್ನ ಎಂಟರ್‌ಪ್ರೈಸ್ ಯುದ್ಧನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ಭಾರತದ ಹತ್ತಿರ ಆಗ ಸೋವಿಯತ್ ಒಕ್ಕೂಟದ ಜೊತೆಗಿನ ಒಪ್ಪಂದ ಮಾತ್ರ ಇತ್ತು. ಆ ಅನುಭವವನ್ನು ದೆಹಲಿ ಮರೆಯಲಿಲ್ಲ.

ಕಾರ್ಗಿಲ್‌ನಲ್ಲಿ ಗಡಿ ನಿಯಂತ್ರಣ ರೇಖೆ ದಾಟಬೇಡಿ ಅಂತ ವಾಜಪೇಯಿ ಯಾಕೆ ಹೇಳಿದರು?

1998ರ ಮೇ ತಿಂಗಳಲ್ಲಿ ಎರಡೂ ದೇಶ ಬಾಂಬ್ ಪರೀಕ್ಷೆ ಮಾಡಿದ್ದವು. ವರ್ಷದೊಳಗೆ ಕಾರ್ಗಿಲ್. ವಿಮಾನಗಳು ರೇಖೆಯ ಈಚೆಯಿಂದಲೇ ದಾಳಿ ಮಾಡಬೇಕಾಯಿತು, ಸೈನಿಕರು ನೆಟ್ಟಗಿನ ಬೆಟ್ಟವನ್ನು ಎದುರಿನಿಂದಲೇ ಹತ್ತಬೇಕಾಯಿತು. 527 ಜನ ಪ್ರಾಣ ಕೊಟ್ಟರು. ಈ ಸಂಯಮದ ಭಾರ ಹೊತ್ತವರು ಅವರು.

ಸಂಯಮದಿಂದ ಸಿಕ್ಕಿದ್ದೂ ಇದೆ. ಎರಡು ಅಣ್ವಸ್ತ್ರ ದೇಶಗಳು ಕಾದಾಡುತ್ತಿವೆ ಅಂದ ಕೂಡಲೇ ಜಗತ್ತು ಓಡಿ ಬಂತು. ತಪ್ಪು ಯಾರದು ಅಂತ ಸ್ಪಷ್ಟವಾಗಿ ಕಂಡಿತು. ಜುಲೈ 4ರಂದು ವಾಷಿಂಗ್ಟನ್ನಿನಲ್ಲಿ ಕ್ಲಿಂಟನ್ ನವಾಜ್ ಷರೀಫರನ್ನು ಕೂರಿಸಿ, ಸೈನ್ಯ ಹಿಂದಕ್ಕೆ ಕರೆಸಿ ಅಂದರು. ಚೀನಾ ಕೂಡ ಪಾಕಿಸ್ತಾನದ ಬೆನ್ನಿಗೆ ನಿಲ್ಲಲಿಲ್ಲ. ಉಕ್ರೇನಿನಲ್ಲಿ ಹೊರಗಿನವರನ್ನು ದೂರ ಇಟ್ಟ ಅದೇ ಹೆದರಿಕೆ ಇಲ್ಲಿ ಅವರನ್ನು ಹತ್ತಿರ ಎಳೆಯಿತು. ಎರಡೂ ಕಡೆ ಬಾಂಬ್ ಇದ್ದರೆ ಒಂದು ಥರ, ಒಂದೇ ಕಡೆ ಇದ್ದರೆ ಇನ್ನೊಂದು ಥರ.

26/11 ಆದಾಗ ನಾವು ಯಾಕೆ ಸುಮ್ನೆ ಕೂತ್ವಿ?

ಆ ರಾತ್ರಿ ಶಾಲೆ ಮುಗಿಸಿ ನಾನು ಸಿಎಸ್‌ಟಿಯಲ್ಲಿ ಡೊಂಬಿವಲಿ ಲೋಕಲ್ ಹತ್ತಿದ್ದೆ. ಮನೆಯ ಮೆಟ್ಟಿಲು ಹತ್ತುವಾಗ ಒಳಗೆ ಟಿವಿಯಲ್ಲಿ ಅದೇ ಸ್ಟೇಶನ್ ಕಾಣುತ್ತಿತ್ತು. ನೆಲದ ಮೇಲೆ ಬಿದ್ದ ಚಪ್ಪಲಿಗಳು, ಗಂಟುಮೂಟೆಗಳು. ಊರಿಗೆ ಹೋಗುವ ರೈಲಿಗೆ ಕಾಯುತ್ತಿದ್ದ ಬಡವರು ಅವರು. ಮೂರು ದಿನದಲ್ಲಿ 166 ಜನ ಸತ್ತರು. ಹಾಗಾಗಿ ಈ ಪ್ರಶ್ನೆಗೆ ನಾನು ತಣ್ಣಗೆ ಉತ್ತರ ಕೊಡಲಾರೆ.

ಸೈನಿಕ ದಾಳಿಯ ಯೋಚನೆ ಸರಕಾರದ ಮುಂದೆ ಇತ್ತು. ಮಾಡಲಿಲ್ಲ. ಬಾಂಬ್ ಒಂದೇ ಕಾರಣ ಅಂತ ಹೇಳಲಾಗದು. ದಾಳಿ ಮಾಡಿದರೆ ಲೋಕದ ಕಣ್ಣು ಭಯೋತ್ಪಾದಕರಿಂದ ಸರಿದು ಎರಡು ದೇಶಗಳ ಜಗಳದ ಕಡೆ ತಿರುಗುತ್ತದೆ ಅನ್ನುವ ಲೆಕ್ಕವೂ ಇತ್ತು. ಆದರೆ ಬಾಂಬಿನ ನೆರಳು ಆ ಕೋಣೆಯಲ್ಲಿ ಇದ್ದೇ ಇತ್ತು.

ಆಮೇಲೆ ಗೆರೆ ನಿಧಾನಕ್ಕೆ ಸರಿಯಿತು. 2016ರಲ್ಲಿ ನಮ್ಮ ಕಮಾಂಡೋಗಳು ರೇಖೆ ದಾಟಿ ಹೋಗಿ ಬಂದರು. 2019ರ ಫೆಬ್ರವರಿಯಲ್ಲಿ ನಮ್ಮ ವಿಮಾನಗಳು ಪಾಕಿಸ್ತಾನದ ಬಾಲಾಕೋಟ್‌ವರೆಗೆ ಹೋದವು. ಭಯೋತ್ಪಾದಕರು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದ ಮೇಲೆ, 2025ರ ಮೇ 7ರಂದು ಭಾರತ ಪಾಕಿಸ್ತಾನದ ಪಂಜಾಬಿನೊಳಗಿನ ನೆಲೆಗಳ ಮೇಲೂ ಕ್ಷಿಪಣಿ ಬಿಟ್ಟಿತು. ನಾಲ್ಕು ದಿನ ಹೊಡೆದಾಟ ನಡೆದು ಮೇ 10ಕ್ಕೆ ನಿಂತಿತು. ಅಣುಬಾಂಬಿನ ಬ್ಲ್ಯಾಕ್‌ಮೇಲ್ ಸಹಿಸುವುದಿಲ್ಲ ಅಂತ ಪ್ರಧಾನಿ ಆಮೇಲೆ ಹೇಳಿದರು. ಪ್ರತಿ ಸಲ ಒಂದೊಂದು ಮೆಟ್ಟಿಲು ಮೇಲೆ. ಎಷ್ಟನೇ ಮೆಟ್ಟಿಲಿನಲ್ಲಿ ಕಾಲು ಜಾರುತ್ತದೆ ಅನ್ನುವ ಭಯ ನನಗಿದೆ.

ಭಾರತ ಮೊದಲು ಬಾಂಬ್ ಹಾಕಲ್ಲ ಅಂದಿದೆ. ಪಾಕಿಸ್ತಾನ?

ಅಂದಿಲ್ಲ. ಭಾರತ 2003ರ ಜನವರಿಯಲ್ಲಿ ಅಧಿಕೃತವಾಗಿ ಹೇಳಿತು. ಪಾಕಿಸ್ತಾನ 60 ಕಿಲೋಮೀಟರ್ ಹೋಗುವ ನಸ್ರ್ ಎಂಬ ಚಿಕ್ಕ ಕ್ಷಿಪಣಿಯನ್ನು 2011ರಲ್ಲಿ ಪರೀಕ್ಷಿಸಿತು. ನಮ್ಮ ಸೈನ್ಯ ಗಡಿ ದಾಟಿ ನುಗ್ಗಿದರೆ ತನ್ನ ನೆಲದಲ್ಲೇ ಸಣ್ಣ ಅಣುಬಾಂಬ್ ಹಾಕುತ್ತೇನೆ ಅನ್ನುವ ಬೆದರಿಕೆ ಅದು.

ಉಕ್ರೇನ್ ವಿಷಯದಲ್ಲಿ ಭಾರತ ಯಾಕೆ ಬಾಯಿ ಬಿಡಲಿಲ್ಲ?

2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶ ರಷ್ಯಾವನ್ನು ಖಂಡಿಸಿದವು, 5 ವಿರೋಧಿಸಿದವು, 35 ಮತ ಹಾಕಲಿಲ್ಲ. ಆ 35ರಲ್ಲಿ ನಾವೂ ಒಬ್ಬರು. ನಮ್ಮ ಸೈನ್ಯದ ಬಹಳಷ್ಟು ಆಯುಧ ರಷ್ಯಾದ್ದು. 2020ರ ಜೂನಿನಲ್ಲಿ ಗಾಲ್ವಾನ್‌ನಲ್ಲಿ 20 ಸೈನಿಕರನ್ನು ಕಳೆದುಕೊಂಡು ಚೀನಾದ ಎದುರು ನಿಂತಿದ್ದೆವು. ರಷ್ಯಾವನ್ನು ಪೂರ್ತಿ ಚೀನಾದ ಮಡಿಲಿಗೆ ತಳ್ಳಲು ದೆಹಲಿಗೆ ಇಷ್ಟವಿರಲಿಲ್ಲ. ಯುದ್ಧಕ್ಕೆ ಮೊದಲು ನಾವು ಕೊಳ್ಳುವ ಕಚ್ಚಾ ತೈಲದಲ್ಲಿ ರಷ್ಯಾದ್ದು ನೂರಕ್ಕೆ ಎರಡರಷ್ಟೂ ಇರಲಿಲ್ಲ. ಆಮೇಲೆ ಅದು ಮೂರನೇ ಒಂದು ಭಾಗ ದಾಟಿತು.

ಪೂರ್ತಿ ಬಾಯಿ ಮುಚ್ಚಿದ್ದೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಸಮರ್ಖಂಡದಲ್ಲಿ, ಇದು ಯುದ್ಧದ ಕಾಲ ಅಲ್ಲ ಅಂತ ಮೋದಿ ಪುಟಿನ್ ಎದುರೇ ಹೇಳಿದರು. ಅದೇ ವರ್ಷ ಬಾಲಿಯ ಜಿ20 ಸಭೆಯಲ್ಲಿ, ಅಣ್ವಸ್ತ್ರದ ಬಳಕೆಯನ್ನೂ ಬೆದರಿಕೆಯನ್ನೂ ಒಪ್ಪಲಾಗದು ಅಂತ ಬರೆದದ್ದಕ್ಕೆ ಭಾರತ, ಚೀನಾ ಎರಡೂ ಒಪ್ಪಿದವು. ರಷ್ಯಾವನ್ನು ಮಿತಿಯಲ್ಲಿ ಇಡುವುದರಲ್ಲಿ ಅದರ ಗೆಳೆಯರ ಈ ಮಾತಿಗೆ ತೂಕ ಇತ್ತು ಅಂತ ನಾನು ನಂಬುತ್ತೇನೆ. ಆದರೂ ಆ ಮಾರ್ಚ್ 2ರಂದು ನಾವು ಇನ್ನಷ್ಟು ಗಟ್ಟಿಯಾಗಿ ಮಾತಾಡಬೇಕಿತ್ತು ಅನ್ನುವುದು ನನ್ನ ನೋವು.

## ಸ್ವಲ್ಪ ಆಳಕ್ಕೆ

ಸರ್, ಸ್ಥಿರತೆ-ಅಸ್ಥಿರತೆಯ ವಿರೋಧಾಭಾಸ ಅಂದ್ರೇನು? ಪರೀಕ್ಷೆಗೆ ಬೇಕು.

ಪುಣೆಯಲ್ಲಿ ಎಂಎ ಓದುವ ಹುಡುಗಿಯ ಪತ್ರ. ಗ್ಲೆನ್ ಸ್ನೈಡರ್ ಎಂಬ ಅಮೆರಿಕದ ವಿದ್ವಾಂಸರು 1965ರಲ್ಲಿ ಇದನ್ನು ಹೇಳಿದರು. ಇಬ್ಬರ ಹತ್ತಿರವೂ ಬಾಂಬ್ ಇದ್ದರೆ ದೊಡ್ಡ ಯುದ್ಧ ಆಗುವುದಿಲ್ಲ ಅನ್ನುವ ಧೈರ್ಯ ಬರುತ್ತದೆ. ಆ ಧೈರ್ಯದಿಂದಲೇ ಸಣ್ಣ ಜಗಳಗಳಿಗೆ ಕೈ ಹಾಕುತ್ತಾರೆ. ಕಾರ್ಗಿಲ್ ಉದಾಹರಣೆ ಬರೆಯಮ್ಮ. ಎದುರುವಾದಕ್ಕೆ 1969ರ ಸೋವಿಯತ್-ಚೀನಾ ಗಡಿ ಚಕಮಕಿ ಬರಿ. ಸಣ್ಣದು ದೊಡ್ಡದಾಗುವ ಭಯ ಅಲ್ಲಿ ನಿಜವಾಗಿಯೇ ಇತ್ತು.

ಇದನ್ನೆಲ್ಲ ನೋಡಿದ್ರೆ ಪ್ರತಿ ದೇಶವೂ ಬಾಂಬ್ ಮಾಡಿಕೊಳ್ಳುವುದೇ ಒಳ್ಳೇದಲ್ವಾ?

ಲಿಬಿಯಾದ ಗಡಾಫಿ 2003ರಲ್ಲಿ ಅಣ್ವಸ್ತ್ರ ಯೋಜನೆ ಬಿಟ್ಟರು, 2011ರಲ್ಲಿ ಹತರಾದರು. ಉತ್ತರ ಕೊರಿಯಾ 2006ರಲ್ಲಿ ಬಾಂಬ್ ಸಿಡಿಸಿತು, ಅದರ ಮೇಲೆ ಯಾರೂ ದಂಡೆತ್ತಿ ಹೋಗಲಿಲ್ಲ. ಇರಾನ್ ನಡುದಾರಿಯಲ್ಲಿತ್ತು, 2025ರ ಜೂನಿನಲ್ಲಿ ಇಸ್ರೇಲ್ ಮತ್ತು ಅಮೆರಿಕ ಅದರ ಮೇಲೆ ಬಾಂಬ್ ಹಾಕಿದವು. ಬುಡಾಪೆಸ್ಟಿನ ಕತೆಯನ್ನೂ ಇದಕ್ಕೆ ಸೇರಿಸಿದರೆ ಸಣ್ಣ ದೇಶಗಳು ಕಲಿಯುವ ಪಾಠ ಯಾವುದು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆದರೆ ಇನ್ನೊಂದು ಲೆಕ್ಕ ಇದೆ. 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಕಂಪ್ಯೂಟರ್ ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಅಂತ ತೋರಿಸಿತು. ಕರ್ತವ್ಯದಲ್ಲಿದ್ದ ಸ್ತಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ತಪ್ಪಾಗಿ ಓದಿತ್ತು. 2022ರ ಮಾರ್ಚ್ 9ರಂದು ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯೊಂದು ಕಣ್ತಪ್ಪಿನಿಂದ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಊರಿನ ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಒಂಬತ್ತು ಮನೆಗಳಲ್ಲಿ ಬೆಂಕಿಪೊಟ್ಟಣ ಇರುವಾಗಲೇ ಹೀಗೆ. ಮೂವತ್ತು ಮನೆಗಳಲ್ಲಿ ಇದ್ದರೆ?

ಹಾಗಾದ್ರೆ ಬಾಂಬ್ ಇದ್ದವನನ್ನು ಹಿಡಿಯುವವರೇ ಇಲ್ವಾ?

ಇದ್ದಾರೆ, ನಿಧಾನಕ್ಕೆ. ಅಮೆರಿಕ ವಿಯೆಟ್ನಾಮಿನಲ್ಲಿ ಸೋತಿತು. ಸೋವಿಯತ್ ಸೈನ್ಯ ಒಂಬತ್ತು ವರ್ಷ ಹೋರಾಡಿ 1989ರ ಫೆಬ್ರವರಿ 15ರಂದು ಅಫ್ಘಾನಿಸ್ತಾನದಿಂದ ಹೊರಟಿತು. ಸೋತವರು ಇಬ್ಬರೂ ಬಾಂಬ್ ಮುಟ್ಟಲಿಲ್ಲ. 1956ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೂಯೆಜ್ ಕಾಲುವೆಗೆ ನುಗ್ಗಿದಾಗ ಬ್ರಿಟನ್ ಹತ್ತಿರ ಬಾಂಬ್ ಇತ್ತು. ಅಮೆರಿಕ ಅದರ ಪೌಂಡಿನ ಕತ್ತು ಹಿಸುಕಿತು, ವಾಪಸು ಹೋಗಬೇಕಾಯಿತು. ಈಗ ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ವಿದೇಶಿ ಬ್ಯಾಂಕುಗಳಲ್ಲಿ ಸ್ತಬ್ಧವಾಗಿದೆ. ದಾಳಿಗೆ ಒಳಗಾದವರು ಸೋಲೊಪ್ಪದೆ ನಿಂತು, ಹೊರಗಿನವರು ದುಡ್ಡು, ಆಯುಧ, ಧಾನ್ಯ ಕೊಡುತ್ತಲೇ ಇದ್ದರೆ ಬಾಂಬ್ ಇದ್ದವನೂ ಸುಸ್ತಾಗುತ್ತಾನೆ. ಅಷ್ಟು ವರ್ಷ ಬದುಕಿ ಉಳಿಯುವ ಹೊಣೆ ಆ ಜನರ ಮೇಲೇ ಬೀಳುತ್ತದೆ.

ಮೊಮ್ಮಗನಿಗೆ ಪೋಲೆಂಡಿನಲ್ಲಿ ಮೆಡಿಕಲ್ ಸೀಟು ಸಿಕ್ಕಿದೆ. ಕಳಿಸಬಹುದಾ ಮಾಸ್ಟ್ರೇ?

ಕಳೆದ ಸಲದ ಮಾತುಕತೆಯಲ್ಲಿ ಸಯನ್‌ನಿಂದ ಬಂದ ಅಮ್ಮ ಕೊನೆಗೆ, ಎಲ್ಲರೂ ಎದ್ದ ಮೇಲೆ, ಕೇಳಿದರು. ಕಳಿಸಿ ಅಮ್ಮ. ಪೋಲೆಂಡ್ ನೇಟೊದಲ್ಲಿದೆ, ಉಕ್ರೇನಿಗೆ ಇಲ್ಲದ ಕೊಡೆ ಅದಕ್ಕಿದೆ. 2022ರ ನವೆಂಬರ್ 15ರಂದು ಅಲ್ಲಿನ ಗಡಿಯ ಹಳ್ಳಿಯಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಆವತ್ತು ರಾತ್ರಿ ಹಲವರು ರಷ್ಯಾ ಕಡೆ ಬೆರಳು ತೋರಿಸಿದರು. ಆದರೆ ನೇಟೊ ದುಡುಕಲಿಲ್ಲ, ತನಿಖೆ ಮಾಡಿತು. ಉಕ್ರೇನಿನದೇ ರಕ್ಷಣಾ ಕ್ಷಿಪಣಿ ದಾರಿ ತಪ್ಪಿ ಬಿದ್ದಿರಬೇಕು ಅಂತ ಮರುದಿನ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ರಷ್ಯಾದ ಡ್ರೋನ್‌ಗಳು ಒಳಗೆ ಬಂದಾಗ ಕೆಲವನ್ನು ಹೊಡೆದು ಬೀಳಿಸಿ ಅಲ್ಲಿಗೇ ನಿಲ್ಲಿಸಿದರು.

ಹುಡುಗ ಇಳಿದ ವಾರದಲ್ಲೇ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲಿ. ಪಾಸ್‌ಪೋರ್ಟಿನ ನಕಲು, ಅಂಕಪಟ್ಟಿಯ ನಕಲು ನಿಮ್ಮ ಹತ್ತಿರ ಒಂದು ಸೆಟ್ ಇರಲಿ. ಪೂರ್ವದ ಗಡಿ ಊರಿಗಿಂತ ವಾರ್ಸಾ ಅಥವಾ ಪಶ್ಚಿಮದ ಕಡೆ ಕಾಲೇಜು ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಲಿ. ಮತ್ತೆ, ಭಾನುವಾರ ಭಾನುವಾರ ಫೋನ್ ಮಾಡಲು ಹೇಳಿ.